ಬಳ್ಳಾರಿಯ ಪೇಟೆ ಬೀದಿಗೂ ಇಂಗ್ಲೆಂಡಿನ ಗತಿ ಬರುತ್ತದೆಯೇ? ವಾಹನ ನಿಲುಗಡೆ, ಬಸ್ಸು ಮತ್ತು ಗಿರಾಕಿಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಬ್ರೂಸ್‌ಪೇಟೆಯ ಜವಳಿ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಬೆಂಗಳೂರು ರಸ್ತೆಗೆ ಕೂಡಿಕೊಳ್ಳುವ ಒಂದು ಅಡ್ಡಬೀದಿಯಲ್ಲಿ ನಮ್ಮದು ಜವಳಿ ಅಂಗಡಿ. ನಮ್ಮ ಅಜ್ಜ ಅಂಗಡಿ ಇಟ್ಟಾಗ ಬಳ್ಳಾರಿ ಇನ್ನೂ ಮದ್ರಾಸಿನ ಆಡಳಿತದಲ್ಲಿತ್ತು. 1953ರಲ್ಲಿ ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ನಮ್ಮ ತಂದೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುವುದನ್ನು ಕಲಿಯುತ್ತಿದ್ದರು. ಮೋಕಾ, ಕುರುಗೋಡು, ಸಿರಿಗೇರಿ, ರೂಪನಗುಡಿ ಕಡೆಯವರು, ಗಡಿಯಾಚೆಯ ರಾಯದುರ್ಗ ಮತ್ತು ಆಲೂರಿನವರು ನಮಗೆ ಮೂರು ತಲೆಮಾರಿನಿಂದ ಗಿರಾಕಿಗಳು. ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಹಾಕಿ, ಕೈಯಲ್ಲಿ ರೊಕ್ಕ ಬಂದ ಮೇಲೆ ಮದುವೆಯ ಜವಳಿಗೆ ಬರುವ ಮನೆತನಗಳು ಈಗಲೂ ಇವೆ.

ಆದರೆ ನಾಲ್ಕೈದು ವರ್ಷಗಳಿಂದ ಮದುವೆ ಹಂಗಾಮು ಬಿಟ್ಟರೆ ಉಳಿದ ದಿನಗಳ ವ್ಯಾಪಾರ ತೀರಾ ತಗ್ಗಿದೆ. ಮಧ್ಯಾಹ್ನವಾದರೂ ಬೋಣಿ ಆಗದ ದಿನಗಳನ್ನು ನಾನು ಈ ವರ್ಷ ಕಂಡಿದ್ದೇನೆ. ನಮ್ಮ ಬೀದಿಯ ವ್ಯಾಪಾರಿಗಳು ಸೇರಿದಾಗಲೆಲ್ಲ ಇದೇ ಮಾತು. ಕಾರು ನಿಲ್ಲಿಸಲು ಜಾಗವಿಲ್ಲದ್ದರಿಂದಲೇ ಗಿರಾಕಿ ಬರುತ್ತಿಲ್ಲ ಎಂದು ಅರ್ಧ ಜನ ಹೇಳುತ್ತಾರೆ. ಸಂಜೆಯ ಹೊತ್ತು ವಾಹನಗಳನ್ನು ತಡೆದು ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಡಬೇಕೆಂದು ಕೆಲವರು ವಾದಿಸುತ್ತಾರೆ. ನನ್ನ ಮಗನದು ಮೂರನೆಯ ದಾರಿ. ಊರ ಹೊರಗಿನ ಹೆದ್ದಾರಿ ಪಕ್ಕದಲ್ಲಿ, ಮುಂದೆ ವಿಶಾಲ ನಿಲುಗಡೆ ಜಾಗವಿರುವ ಒಂದು ಶೋರೂಮನ್ನು ಅವನು ನೋಡಿ ಬಂದಿದ್ದಾನೆ. ಮುಂಗಡ ದೊಡ್ಡದು, ಕರಾರು ಒಂಬತ್ತು ವರ್ಷದ್ದು.

ಈ ನಡುವೆ ಲೀಡ್ಸ್‌ನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಉತ್ತರ ಇಂಗ್ಲೆಂಡಿನ ಪಟ್ಟಣಗಳನ್ನು ಸುತ್ತಿ ಕೆಲವು ಚಿತ್ರಗಳನ್ನು ಕಳುಹಿಸಿದ. ಒಂದರಲ್ಲಿ ಸಾಲಾಗಿ ನಾಲ್ಕು ಅಂಗಡಿಗಳು ಮುಚ್ಚಿವೆ. ಗಾಜಿನ ಬಾಗಿಲಿನ ಒಳಗೆ, ಅಂಚೆ ಹಾಕುವ ಸೀಳಿನ ಕೆಳಗೆ, ತೆಗೆಯುವವರಿಲ್ಲದ ಕಾಗದಗಳು ಮೊಣಕಾಲೆತ್ತರ ಬಿದ್ದಿವೆ. ‘ಮಾವ, ಇದು ಊರಿನ ಮುಖ್ಯ ಪೇಟೆ. ಶನಿವಾರ ಮಧ್ಯಾಹ್ನ ತೆಗೆದದ್ದು’ ಎಂದು ಬರೆದಿದ್ದ. ಆ ಕಾಗದದ ರಾಶಿ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಅಷ್ಟು ಶ್ರೀಮಂತ ದೇಶದ ಪೇಟೆಗಳು ಹೀಗಾಗಲು ಕಾರಣವೇನು? ಕಾರಿಗೆ ಜಾಗವಿಲ್ಲದೆ ಸೊರಗಿದವೇ, ಕಾರಿಗೆ ಜಾಗ ಕೊಟ್ಟು ಸೊರಗಿದವೇ? ಅಲ್ಲಿ ಬಾಳಿದವರು, ಈ ವಿಷಯ ಓದಿದವರು ದಯವಿಟ್ಟು ತಿಳಿಸಬೇಕು. ಮಗನಿಗೆ ಉತ್ತರ ಹೇಳಲು ನನಗೆ ಹೆಚ್ಚು ದಿನಗಳಿಲ್ಲ.

ಉತ್ತರ: ಗಾಂಧಿನಗರದಿಂದ ಶೆಫೀಲ್ಡ್‌ಗೆ

ನಮಸ್ಕಾರ ಅಣ್ಣನವರೇ. ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಬೆಳೆದವನು, ಹದಿನಾಲ್ಕು ವರ್ಷಗಳಿಂದ ಶೆಫೀಲ್ಡ್‌ನಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಈ ಒಂದು ಊರಿನ ಕಥೆಯಲ್ಲೇ ಬಹುಪಾಲು ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶೆಫೀಲ್ಡ್ ಉಕ್ಕಿನ ಊರು. ನಮ್ಮ ತೋರಣಗಲ್ಲಿನಲ್ಲಿ ಈಗ ಕುಲುಮೆಗಳು ಹೇಗೆ ಹಗಲೂ ರಾತ್ರಿ ಉರಿಯುತ್ತವೆಯೋ ಹಾಗೆ ಒಂದು ಕಾಲದಲ್ಲಿ ಇಲ್ಲಿ ಉರಿಯುತ್ತಿದ್ದವು. ಎಪ್ಪತ್ತರ ದಶಕದಿಂದ 1986ರವರೆಗೆ ಈ ಪ್ರದೇಶದ ಸ್ಥಳೀಯ ಆಡಳಿತ ಬಸ್ ದರವನ್ನು ಬೇಕೆಂದೇ ಬಹಳ ಕಡಿಮೆ ಇಟ್ಟಿತ್ತು; ಮಕ್ಕಳು ಎರಡು ಪೆನ್ನಿ ಕೊಟ್ಟು ಪೇಟೆಗೆ ಹೋಗಿಬರುತ್ತಿದ್ದುದನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರ ಏಪ್ರಿಲ್‌ನಲ್ಲಿ ಆ ಆಡಳಿತವನ್ನೇ ರದ್ದುಮಾಡಿದಾಗ ಅದು ಮುಗಿಯಿತು. ಅದೇ ಸರ್ಕಾರ ತಂದ 1985ರ ಸಾರಿಗೆ ಕಾಯ್ದೆ 1986ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಲಂಡನ್ ಒಂದನ್ನು ಬಿಟ್ಟು ಬ್ರಿಟನ್ನಿನ ಉಳಿದ ಊರುಗಳಲ್ಲಿ ಯಾವ ಮಾರ್ಗದಲ್ಲಿ ಬಸ್ ಓಡಿಸಬೇಕು, ಎಷ್ಟು ದರ ಇಡಬೇಕು ಎಂಬುದು ಖಾಸಗಿ ಕಂಪನಿಗಳ ಇಚ್ಛೆಗೆ ಸೇರಿತು. ಲಾಭದ ಮಾರ್ಗದಲ್ಲಿ ನಾಲ್ಕು ಕಂಪನಿಗಳ ಬಸ್ಸುಗಳು ಒಂದರ ಹಿಂದೊಂದು ಓಡಿದವು. ಲಾಭವಿಲ್ಲದ ಬಡಾವಣೆಗೆ ಸಂಜೆಯ ಬಸ್ಸು ನಿಂತಿತು. ದರ ಏರಿತು, ಹತ್ತುವವರು ಕಡಿಮೆಯಾದರು, ಹತ್ತುವವರು ಕಡಿಮೆಯಾದಂತೆ ಇನ್ನಷ್ಟು ಬಸ್ಸುಗಳು ನಿಂತವು.

ಇದಾಗಿ ನಾಲ್ಕು ವರ್ಷಕ್ಕೆ, 1990ರಲ್ಲಿ, ಮುಚ್ಚಿಹೋದ ಉಕ್ಕಿನ ಕಾರ್ಖಾನೆಗಳ ನೆಲದ ಮೇಲೆ ಮೆಡೋಹಾಲ್ ಎಂಬ ಬೃಹತ್ ಮಾಲ್ ತೆರೆಯಿತು. ಊರಿನ ಅಂಚಿನಲ್ಲಿ, ಎಂ1 ಹೆದ್ದಾರಿಗೆ ಅಂಟಿಕೊಂಡ ಜಾಗ. ಸುಮಾರು 12,000 ಕಾರುಗಳಿಗೆ ಪುಕ್ಕಟೆ ನಿಲುಗಡೆ. ಮಳೆ, ಚಳಿ ತಾಗದ ಛಾವಣಿ. ಪೇಟೆಗೆ ಹೋಗಲು ಬಸ್ ದುಬಾರಿಯಾದ ಕಾಲಕ್ಕೇ ಮಾಲಿಗೆ ಹೋಗಲು ಕಾರು ಸಲೀಸಾಯಿತು. ಮಾಲ್ ಒಂದೇ ಪೇಟೆಯನ್ನು ಕೆಡಿಸಿತು ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡೂ ಒಟ್ಟಿಗೆ ಬಂದದ್ದು ಕೆಡಿಸಿತು.

ಬೇರೆಡೆಯೂ ಇದೇ ಆಯಿತು. ಗೇಟ್ಸ್‌ಹೆಡ್‌ನ ಮೆಟ್ರೋಸೆಂಟರ್ 1986ರಲ್ಲಿ, ಮ್ಯಾಂಚೆಸ್ಟರ್ ಬಳಿಯ ಟ್ರಾಫರ್ಡ್ ಸೆಂಟರ್ 1998ರಲ್ಲಿ ತೆರೆದವು. ಡಡ್ಲಿ ಎಂಬ ಹಳೆಯ ಪಟ್ಟಣದ ದೊಡ್ಡ ಅಂಗಡಿಗಳು ಸಮೀಪದ ಮೆರಿ ಹಿಲ್ ಮಾಲಿಗೆ ಎದ್ದುಹೋದವು. ಹೊಸ ಮಳಿಗೆಗಳಿಗೆ ಊರ ನಡುವೆಯೇ ಮೊದಲು ಜಾಗ ಹುಡುಕಬೇಕು ಎಂಬ ನೀತಿಯನ್ನು ಸರ್ಕಾರ 1996ರಲ್ಲಿ ಬಿಗಿಗೊಳಿಸಿತು. ಅಷ್ಟರಲ್ಲಿ ಕಟ್ಟಬೇಕಾದವರು ಬಹುತೇಕ ಕಟ್ಟಿಯಾಗಿತ್ತು.

ಬಲ ಕುಗ್ಗಿದ ಈ ಪೇಟೆಗಳ ಮೇಲೆ ಆಮೇಲೆ ಒಂದೊಂದೇ ಪೆಟ್ಟು ಬಿತ್ತು. 2008ರ ಆರ್ಥಿಕ ಕುಸಿತದಲ್ಲಿ ವುಲ್‌ವರ್ತ್ಸ್ ಎಂಬ ಸರಣಿ ಮಳಿಗೆಗಳ ಕಂಪನಿ ಮುಳುಗಿ 2009ರ ಜನವರಿಯ ಹೊತ್ತಿಗೆ ಸುಮಾರು 800 ಮಳಿಗೆಗಳು ಬಾಗಿಲು ಹಾಕಿದವು. 2016ರಲ್ಲಿ ಬಿಎಚ್‌ಎಸ್ ಎಂಬ ಇನ್ನೊಂದು ಸರಣಿ ಹೋಯಿತು. 2021ರ ಮೇ ತಿಂಗಳಲ್ಲಿ ಡೆಬೆನ್‌ಹ್ಯಾಮ್ಸ್‌ನ ಕೊನೆಯ ಮಳಿಗೆಗಳು ಮುಚ್ಚಿದವು. ಅದೇ ವರ್ಷ ನಮ್ಮ ಶೆಫೀಲ್ಡ್ ಪೇಟೆಯ ನಡುವಿನ ಜಾನ್ ಲೂಯಿಸ್ ಮಳಿಗೆ ಕೋವಿಡ್ ಬೀಗ ತೆಗೆದ ಮೇಲೂ ತೆರೆಯಲಿಲ್ಲ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಹೆಂಡತಿ ದಪ್ಪ ಕೋಟು ಕೊಂಡದ್ದು ಅಲ್ಲಿಯೇ.

ನಿಮ್ಮ ಮಗನ ಶೋರೂಮಿನ ಬಗ್ಗೆ ಒಂದೇ ಮಾತು. ಒಂಬತ್ತು ವರ್ಷದ ಕರಾರಿಗೆ ರುಜು ಹಾಕುವ ಮೊದಲು, ನಿಮ್ಮ ಈಗಿನ ಗಿರಾಕಿಗಳು ಯಾವುದರಲ್ಲಿ ಬರುತ್ತಾರೆ ಎಂಬುದನ್ನು ನೋಡಿ. ಮೋಕಾದಿಂದ ಬಸ್ಸಿನಲ್ಲಿ ಬರುವವರು ಹೆದ್ದಾರಿ ಪಕ್ಕದ ಶೋರೂಮಿಗೆ ಹೇಗೆ ಬರಬೇಕು?

ಉತ್ತರ: ಕೌಲ್‌ಬಜಾರ್ ನಿವಾಸಿ

ಶೆಫೀಲ್ಡ್‌ನವರು ಬಹಳ ತಿಳಿದು ಬರೆದಿದ್ದಾರೆ, ಗೌರವವಿದೆ. ಆದರೆ ಇಂಗ್ಲೆಂಡಿನ ಹವೆ ಬೇರೆ, ಬಳ್ಳಾರಿಯ ಬಿಸಿಲು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕೋಟೆ ಗುಡ್ಡದ ಬಂಡೆ ಸಂಜೆ ಏಳಕ್ಕೂ ಕಾವು ಬಿಡುವ ಊರಿನಲ್ಲಿ, ವಾಹನವನ್ನು ದೂರ ನಿಲ್ಲಿಸಿ ನಡೆದು ಬನ್ನಿ ಎಂದರೆ ಯಾರು ಬರುತ್ತಾರೆ?

ನಾನು ಫ್ಯಾನು, ಮಿಕ್ಸಿ, ಕೂಲರ್ ಮಾರುವವನು. ಕೂಲರ್ ಕೊಂಡವರು ಅದನ್ನು ಹೆಗಲ ಮೇಲೆ ಹೊತ್ತು ಬಸ್ ನಿಲ್ದಾಣಕ್ಕೆ ಹೋಗಲಾರರು. ಬಾಗಿಲ ಮುಂದೆ ಆಟೋ ಬರಲೇಬೇಕು. ಎರಡನೆಯದಾಗಿ, ನನ್ನ ವ್ಯಾಪಾರ ತಗ್ಗಿಸಿದ್ದು ಹೆದ್ದಾರಿಯ ಶೋರೂಮಲ್ಲ, ಮೊಬೈಲು. ಗಿರಾಕಿ ನನ್ನ ಅಂಗಡಿಯಲ್ಲೇ ನಿಂತು ಮಿಕ್ಸಿಯ ಮೂರು ಜಾರುಗಳನ್ನೂ ತೆಗೆಸಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಅಲ್ಲೇ ಮೊಬೈಲಿನಲ್ಲಿ ಹೋಲಿಸಿ ಹೋಗುತ್ತಾರೆ. ಬ್ರಿಟನ್ನಿನಲ್ಲಿಯೂ ಪೇಟೆಗಳನ್ನು ನುಂಗಿದ್ದು ಇದೇ ಅಲ್ಲವೇ? ಬಸ್ಸು, ಫುಟ್‌ಪಾತ್ ಎಲ್ಲ ಸರಿಯಿದ್ದರೂ ಮನೆ ಬಾಗಿಲಿಗೆ ಬರುವ ಸರಕಿನ ಮುಂದೆ ನಾವು ನಿಲ್ಲುವುದು ಹೇಗೆ ಎಂಬುದನ್ನು ಯಾರೂ ಹೇಳುತ್ತಿಲ್ಲ.

ಉತ್ತರ: ರಾಯಚೂರಿನ ವಾಣಿಜ್ಯಶಾಸ್ತ್ರ ಉಪನ್ಯಾಸಕಿ

ಶರಣು. ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಪೇಟೆಯಲ್ಲಿಯೂ ಇದೇ ಚರ್ಚೆ ನಡೆಯುತ್ತಿರುವುದರಿಂದ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಕೌಲ್‌ಬಜಾರ್‌ನ ಅಣ್ಣನವರು ಎತ್ತಿದ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ.

ಬ್ರಿಟನ್ನಿನ ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಕೋವಿಡ್‌ಗೆ ಮುಂಚೆ ಐದರಲ್ಲೊಂದು ಭಾಗದಷ್ಟಿತ್ತು, 2021ರ ಆರಂಭದಲ್ಲಿ ಮೂರರಲ್ಲೊಂದು ಭಾಗವನ್ನೂ ದಾಟಿತು, ಆಮೇಲೆ ಇಳಿದು ಕಾಲುಭಾಗದ ಆಸುಪಾಸಿನಲ್ಲಿ ನಿಂತಿತು. ಇದು ಸಣ್ಣ ಪೆಟ್ಟಲ್ಲ. ಆದರೆ ಒಂದೇ ಮಳೆ ಸುರಿದರೂ ಎಲ್ಲ ಗೋಡೆಗಳೂ ಬೀಳಲಿಲ್ಲ. ಎಷ್ಟೋ ಬೀದಿಗಳು ಇಂದಿಗೂ ತುಂಬಿವೆ. ಬಿದ್ದವು ಏಕೆ ಬಿದ್ದವು ಎಂದು ನೋಡಿದರೆ ಬಾಡಿಗೆ ಮತ್ತು ತೆರಿಗೆಯ ಲೆಕ್ಕ ಎದುರಾಗುತ್ತದೆ, ಇದನ್ನು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ.

ಅಲ್ಲಿ ಪೇಟೆಯ ಕಟ್ಟಡಗಳಲ್ಲಿ ಬಹಳಷ್ಟು ಪಿಂಚಣಿ ನಿಧಿಗಳು ಹಾಗೂ ಹೂಡಿಕೆ ಕಂಪನಿಗಳ ಆಸ್ತಿ. ಬಾಡಿಗೆಯ ಕರಾರು ದೀರ್ಘಾವಧಿಯದು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬಾಡಿಗೆಯನ್ನು ಪರಿಷ್ಕರಿಸುತ್ತಾರೆ, ಮತ್ತು ಬಹುಪಾಲು ಹಳೆಯ ಕರಾರುಗಳ ಪ್ರಕಾರ ಆ ಪರಿಷ್ಕರಣೆಯಲ್ಲಿ ಬಾಡಿಗೆ ಏರಬಹುದೇ ಹೊರತು ಇಳಿಯುವಂತಿಲ್ಲ. ವ್ಯಾಪಾರ ಅರ್ಧಕ್ಕೆ ಬಂದರೂ ಬಾಡಿಗೆ ಹಾಗೇ ನಿಲ್ಲುತ್ತದೆ. ಇದರ ಮೇಲೆ ಕಟ್ಟಡದ ಅಂದಾಜು ಬಾಡಿಗೆ ಮೌಲ್ಯವನ್ನು ಆಧರಿಸಿದ ಬಿಸಿನೆಸ್ ರೇಟ್ಸ್ ಎಂಬ ತೆರಿಗೆಯಿದೆ, ಅದನ್ನು ಅಂಗಡಿ ನಡೆಸುವವರೇ ಕಟ್ಟಬೇಕು. ಊರ ನಡುವೆ ಜಾಗ ಇಟ್ಟುಕೊಂಡವರಿಗೆ ಅದು ಭಾರ, ಹೆದ್ದಾರಿ ಪಕ್ಕದ ಗೋದಾಮಿನಿಂದ ಆನ್‌ಲೈನ್ ಮಾರುವವರಿಗೆ ಹಗುರ. ಅಂಗಡಿ ಖಾಲಿಬಿದ್ದು ಮೂರು ತಿಂಗಳು ಕಳೆದರೆ ಆ ತೆರಿಗೆ ಸಾಮಾನ್ಯವಾಗಿ ಮಾಲೀಕರ ತಲೆಗೆ ಬರುತ್ತದೆ. ಹೀಗಿದ್ದೂ ಬಾಡಿಗೆ ಇಳಿಸಿ ಕೊಡದ ಮಾಲೀಕರಿದ್ದಾರೆ, ಏಕೆಂದರೆ ಬಾಡಿಗೆ ಇಳಿಸಿದರೆ ಲೆಕ್ಕದ ಪುಸ್ತಕದಲ್ಲಿ ಕಟ್ಟಡದ ಬೆಲೆಯೇ ಇಳಿಯುತ್ತದೆ. ಬ್ರೂಸ್‌ಪೇಟೆಯ ಅಣ್ಣನವರ ತಂಗಿಯ ಮಗ ಕಂಡ ಕಾಗದಗಳ ರಾಶಿಯ ಹಿಂದೆ ಈ ಲೆಕ್ಕವೂ ಇರುತ್ತದೆ. ಆದ್ದರಿಂದ ಆ ಒಂಬತ್ತು ವರ್ಷದ ಕರಾರಿನಲ್ಲಿ ಬಾಡಿಗೆ ಇಳಿಸುವ, ನಡುವೆ ಬಿಟ್ಟುಹೋಗುವ ಷರತ್ತುಗಳು ಇವೆಯೇ ಎಂದು ವಕೀಲರಿಂದ ಓದಿಸಿ. ನಮ್ಮ ಕಡೆಯ ಹನ್ನೊಂದು ತಿಂಗಳ ಕರಾರನ್ನು ನಾವು ಎಷ್ಟೇ ಬೈದರೂ, ಕೆಟ್ಟ ಕಾಲದಲ್ಲಿ ಅದು ಬಾಡಿಗೆದಾರರಿಗೆ ಬಾಗಿಲು ತೆರೆದಿಟ್ಟಿರುತ್ತದೆ.

ಇನ್ನು ಕಾರು ನಿಲುಗಡೆ. 2006ರಲ್ಲಿ ಬ್ರಿಸ್ಟಲ್ ನಗರದ ಪೇಟೆ ಬೀದಿಗಳಲ್ಲಿ ಸಸ್ಟ್ರಾನ್ಸ್ ಎಂಬ ಸಂಸ್ಥೆ ಒಂದು ಸಮೀಕ್ಷೆ ನಡೆಸಿತು. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ವ್ಯಾಪಾರಿಗಳನ್ನು ಕೇಳಿದಾಗ ಅವರ ಅಂದಾಜು ಶೇ. 41, ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇ. 22. ವ್ಯಾಪಾರಿಗಳು ಸುಳ್ಳು ಹೇಳಲಿಲ್ಲ. ಜಾಗ ಸಿಗದೆ ಗೊಣಗುತ್ತ ಒಳಬರುವ ಕಾರಿನವರ ಮಾತು ಕಿವಿಗೆ ಬೀಳುತ್ತದೆ, ಬಸ್ಸಿಳಿದು ನಡೆದು ಬಂದವರು ಸುಮ್ಮನೆ ಒಳಬಂದು ಕೊಂಡು ಹೋಗುತ್ತಾರೆ.

ನಮ್ಮಲ್ಲಿ ಆ ಸುಮ್ಮನೆ ಬರುವವರು ಬಹುಪಾಲು ಹೆಣ್ಣುಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಒಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ಇಂಗ್ಲೆಂಡ್ 1986ರಲ್ಲಿ ಹಿಡಿದ ದಾರಿಗೆ ಇದು ನೇರ ವಿರುದ್ಧ ದಾರಿ. ಅಲ್ಲಿಯೂ ಈಗ ತಪ್ಪು ತಿಳಿದಿದೆ: 2023ರ ಜನವರಿಯಲ್ಲಿ ಒಂದು ಪ್ರಯಾಣಕ್ಕೆ ಎರಡು ಪೌಂಡಿನ ಮಿತಿ ಹಾಕಿದರು, 2025ರಲ್ಲಿ ಅದು ಮೂರು ಪೌಂಡ್ ಆಯಿತು. ಕುರುಗೋಡಿನಿಂದ ಬರುವ ಅಕ್ಕ ಬಸ್ಸಿಗೆ ಕೊಡದೆ ಉಳಿಸಿದ ರೊಕ್ಕ ಎಲ್ಲಿ ಖರ್ಚಾಗುತ್ತದೆ ಎಂಬುದು ಪೇಟೆಯವರಿಗೆ ಬಿಟ್ಟದ್ದು. ಆಕೆ ಬಸ್ಸಿಳಿದು ನಿಮ್ಮ ಅಂಗಡಿಯ ಮೆಟ್ಟಿಲು ತಲುಪುವವರೆಗೆ ನಡೆಯಲು ಒಂದು ದಾರಿ, ಅಲ್ಲಲ್ಲಿ ನೆರಳು, ಒಂದು ಶುದ್ಧ ಶೌಚಾಲಯ ಇವೆಯೇ? ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ಪೇಟೆಯಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಈ ಮೂರನೆಯದು. ಇದನ್ನು ಸಭೆಯಲ್ಲಿ ಹೇಳಲು ಗಂಡಸರು ಸಂಕೋಚಪಡುತ್ತಾರೆ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಅಣ್ಣನವರೇ, ಬೇರೆಯವರ ಸಮೀಕ್ಷೆಯನ್ನು ನಂಬುವ ಅಗತ್ಯವಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದು ವಾರ, ಬಂದ ಗಿರಾಕಿಗಳನ್ನೆಲ್ಲ ‘ಹೇಗೆ ಬಂದಿರಿ?’ ಎಂದು ಕೇಳಿ ಬರೆದಿಡಿ.

ಉತ್ತರ: ಗಾಂಧಿನಗರದಿಂದ ಶೆಫೀಲ್ಡ್‌ಗೆ

ಮೇಡಂ ಹೇಳಿದ ಬಾಡಿಗೆಯ ಮಾತು ನಾನು ಬಿಟ್ಟಿದ್ದ ಅರ್ಧವನ್ನು ತುಂಬಿತು.

ಕೌಲ್‌ಬಜಾರ್‌ನವರಿಗೆ ನಾನು ಎದುರಾಡುತ್ತಿಲ್ಲ. ಕೂಲರ್ ಸಾಗಿಸಲು ಆಟೋ ಬರಲೇಬೇಕು. ಇಲ್ಲಿ ನಡೆಯುವವರಿಗೆ ಮೀಸಲಾದ ಬೀದಿಗಳಲ್ಲಿಯೂ ಬೆಳಗಿನ ಹೊತ್ತು ಸರಕಿನ ವಾಹನಗಳಿಗೆ ಪ್ರವೇಶವಿರುತ್ತದೆ, ಅಂಗವಿಕಲರ ವಾಹನಗಳಿಗೆ ಬೇರೆ ವ್ಯವಸ್ಥೆಯಿರುತ್ತದೆ. ನಾರ್ವಿಚ್ ನಗರದ ಲಂಡನ್ ಸ್ಟ್ರೀಟ್ 1967ರಲ್ಲಿ ಹೀಗೆ ನಡೆಯುವವರಿಗೆ ಮೀಸಲಾಯಿತು, ಬ್ರಿಟನ್ನಿನಲ್ಲಿ ಅದೇ ಮೊದಲಿನದು. ಆ ಬೀದಿ ಇಂದಿಗೂ ನಡೆಯುತ್ತಿದೆ. ಆದರೆ ವಾಹನ ತಡೆದ ಮಾತ್ರಕ್ಕೆ ಪೇಟೆ ಉಳಿಯುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಇಲ್ಲಿನ ಎಷ್ಟೋ ಬೀದಿಗಳಲ್ಲಿ ಕಾರಿನ ಜೊತೆಗೆ ಬಸ್ಸನ್ನೂ ದೂರ ಸರಿಸಿದರು. ಅಂಗಡಿಗಳ ಮೇಲಿನ ಅಂತಸ್ತುಗಳಲ್ಲಿ ಯಾರೂ ವಾಸಿಸುವುದಿಲ್ಲ. ಸಂಜೆ ಆರಕ್ಕೆ ಷಟರ್ ಎಳೆದರೆ ಆಮೇಲೆ ಒಂದು ನರಪಿಳ್ಳೆ ಸುಳಿಯುವುದಿಲ್ಲ. ಬ್ರೂಸ್‌ಪೇಟೆಯಲ್ಲಿ ಅಂಗಡಿಯ ಮೇಲೆಯೇ ಮನೆ, ಮಹಡಿಯ ಮೇಲೆ ಒಣಹಾಕಿದ ಬಟ್ಟೆ, ರಾತ್ರಿ ಒಂಬತ್ತಕ್ಕೆ ಮಿರ್ಚಿ ಬಜ್ಜಿಯ ಬಂಡಿಯ ಮುಂದೆ ಜನ. ಇಂಥದ್ದನ್ನು ಮತ್ತೆ ತರಲು ಇಲ್ಲಿನವರು ಕೋಟಿಗಟ್ಟಲೆ ಪೌಂಡ್ ಸುರಿಯುತ್ತಿದ್ದಾರೆ. ತಳ್ಳುಗಾಡಿಯವರನ್ನು ಅಡ್ಡಿಯೆಂದು ಎಬ್ಬಿಸಬೇಡಿ. ಬೀದಿ ವ್ಯಾಪಾರಿಗಳಿಗೆ ಗುರುತಿನ ಪತ್ರ, ಗೊತ್ತುಮಾಡಿದ ಜಾಗ ಕೊಡಬೇಕೆಂದು ನಮ್ಮ ದೇಶದಲ್ಲಿ 2014ರಿಂದ ಕಾಯ್ದೆಯೇ ಇದೆ.

ಚೇತರಿಸಿಕೊಂಡ ಊರುಗಳೂ ಇವೆ. ಮ್ಯಾಂಚೆಸ್ಟರ್ ಸಮೀಪದ ಆಲ್ಟ್ರಿಂಚಮ್‌ನಲ್ಲಿ 2010ರ ಸುಮಾರಿಗೆ ಸಾಲುಸಾಲು ಅಂಗಡಿಗಳು ಖಾಲಿಯಿದ್ದವು. ಹಳೆಯ ಮಾರುಕಟ್ಟೆ ಕಟ್ಟಡವನ್ನು 2014ರಲ್ಲಿ ಒಟ್ಟಿಗೆ ಕುಳಿತು ಉಣ್ಣುವ ತಾಣವಾಗಿ ಮಾಡಿದ ಮೇಲೆ ಸುತ್ತಲಿನ ಬೀದಿಗಳಿಗೂ ಜೀವ ಬಂತು. ಮೊದಲ ಸಾರ್ವಜನಿಕ ಉಗಿ ರೈಲು 1825ರಲ್ಲಿ ಓಡಿದ ಸ್ಟಾಕ್ಟನ್ ಊರಿನಲ್ಲಿ ನಗರಾಡಳಿತವೇ ಕ್ಯಾಸಲ್‌ಗೇಟ್ ಮಾಲನ್ನು ಕೊಂಡು ಕೆಡವಿ, ಟೀಸ್ ನದಿಯ ದಡಕ್ಕೆ ಉದ್ಯಾನ ಮಾಡಹೊರಟಿತು. ಮ್ಯಾಂಚೆಸ್ಟರ್ ಪ್ರದೇಶದಲ್ಲಿ ಮೇಯರ್ ಆಂಡಿ ಬರ್ನಮ್ ಅವರ ಕಾಲದಲ್ಲಿ 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ಎಲ್ಲ ಬಸ್ಸುಗಳೂ ಹಂತಹಂತವಾಗಿ ಸಾರ್ವಜನಿಕ ಹತೋಟಿಗೆ ಮರಳಿದವು. ಬಿಟ್ಟುಕೊಟ್ಟದ್ದನ್ನು ಹಿಂಪಡೆಯಲು ಮೂವತ್ತೆಂಟು ವರ್ಷ ಬೇಕಾಯಿತು.

ಇನ್ನೊಂದು ಸಣ್ಣ ಸಲಹೆ. ನಾಟಿಂಗ್‌ಹ್ಯಾಮ್ ನಗರ 2012ರಿಂದ, ನೌಕರರ ಕಾರುಗಳಿಗೆ ಹನ್ನೊಂದು ಅಥವಾ ಹೆಚ್ಚು ನಿಲುಗಡೆ ಜಾಗ ಇಟ್ಟುಕೊಂಡ ಸಂಸ್ಥೆಗಳಿಂದ ವಾರ್ಷಿಕ ಶುಲ್ಕ ವಸೂಲು ಮಾಡಿ ಟ್ರಾಮಿಗೆ ಬಳಸುತ್ತಿದೆ. ಜಾಗ ತಿನ್ನುವುದು ಬಂದುಹೋಗುವ ವಾಹನವಲ್ಲ, ಇಡೀ ದಿನ ನಿಲ್ಲುವ ವಾಹನ. ನೀವು ಗಿರಾಕಿಗಳನ್ನು ಎಣಿಸುವಾಗ ಅಂಗಡಿಯ ಮುಂದೆ ನಿಂತ ಬೈಕುಗಳು ಯಾರವು ಎಂಬುದನ್ನೂ ನೋಡಿ.

ಬ್ರೂಸ್‌ಪೇಟೆಯ ಜವಳಿ ವ್ಯಾಪಾರಿ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಹೇಳಿದಂತೆ ಸೋಮವಾರದಿಂದ ಶನಿವಾರದವರೆಗೆ ಆರು ದಿನ ಎಣಿಸಿದೆವು. ಉದ್ರಿ ಬರೆಯುವ ಪುಸ್ತಕದ ಹಿಂಭಾಗದಲ್ಲಿ ನನ್ನ ಮಗನೇ ನಾಲ್ಕು ಮನೆ ಗೆರೆ ಹಾಕಿದ: ನಡೆದು ಬಂದವರು, ಬಸ್ಸು ಅಥವಾ ಟಂಟಂ, ದ್ವಿಚಕ್ರ, ಕಾರು.

ಮೂರನೆಯ ದಿನಕ್ಕೆ ಬಸ್ಸು, ಟಂಟಂನ ಮನೆ ತುಂಬಿ ಪಕ್ಕದ ಹಾಳೆಗೆ ಹೋಗಬೇಕಾಯಿತು. ಕಾರಿನ ಮನೆಯಲ್ಲಿ ಶನಿವಾರ ರಾತ್ರಿಯೂ ಬಿಳಿ ಜಾಗ ಉಳಿದಿತ್ತು. ಕಾರಿನಲ್ಲಿ ಬಂದವರು ಒಂದು ಸಲಕ್ಕೆ ಹೆಚ್ಚು ಕೊಂಡರು ಎಂಬುದನ್ನು ಮರೆಮಾಚದೆ ಹೇಳುತ್ತೇನೆ, ಮಗ ಅದನ್ನೂ ಬರೆದಿಟ್ಟಿದ್ದಾನೆ. ಆದರೆ ವಾರದ ಒಟ್ಟು ವ್ಯಾಪಾರ ಕೂಡಿಸಿದಾಗ ಅಂಗಡಿಯನ್ನು ಹೊತ್ತು ನಿಂತವರು ಬಸ್ಸಿನವರೇ.

ಗುರುವಾರ ಸಿರಿಗೇರಿಯಿಂದ ಒಬ್ಬ ಅತ್ತೆ, ಸೊಸೆ ಬಂದಿದ್ದರು. ಸೊಸೆಯ ಕಂಕುಳಲ್ಲಿ ಕೂಸು. ನಮ್ಮ ಮೆಟ್ಟಿಲ ಮುಂದೆ ಏಳು ಬೈಕುಗಳು ಒಂದಕ್ಕೊಂದು ಹೊಂದಿಕೊಂಡು ನಿಂತಿದ್ದವು. ಅತ್ತೆ ಸೀರೆಯ ನೆರಿಗೆ ಎತ್ತಿಹಿಡಿದು, ಚರಂಡಿಯ ಮೇಲಿನ ಅಲುಗಾಡುವ ಕಲ್ಲುಚಪ್ಪಡಿಯ ಮೇಲೆ ಕಾಲಿಟ್ಟು, ಎರಡು ಹ್ಯಾಂಡಲ್‌ಗಳ ನಡುವೆ ಅಡ್ಡಡ್ಡ ತೂರಿ ಒಳಬಂದರು. ಸೊಸೆ ಕೂಸಿನ ಜೊತೆ ತೂರಲಾಗದೆ ಬಿಸಿಲಿನಲ್ಲೇ ನಿಂತಳು. ನಾನು ಎದ್ದುಹೋಗಿ ಒಂದು ಬೈಕನ್ನು ಸರಿಸಿದೆ. ಮೂವತ್ತು ವರ್ಷ ಗಲ್ಲಾದ ಮುಂದೆ ಕುಳಿತವನಿಗೆ ಇದು ಕಾಣದೆ ಇದ್ದದ್ದಕ್ಕೆ ನನಗೆ ಬಹಳ ನೋವಾಯಿತು.

ಶೆಫೀಲ್ಡ್‌ನವರು ಕೇಳಿದಂತೆ ಆ ಏಳು ಬೈಕುಗಳು ಯಾರವು ಎಂದೂ ವಿಚಾರಿಸಿದೆ. ಒಂದು ನನ್ನದು, ಒಂದು ಮಗನದು, ಎರಡು ನಮ್ಮ ಹುಡುಗರವು, ಎರಡು ಪಕ್ಕದ ಪಾತ್ರೆ ಅಂಗಡಿಯವರವು. ಗಿರಾಕಿಯದು ಒಂದೇ. ಜಾಗ ಬೇರೆಯವರು ಹಿಡಿಯದಿರಲೆಂದು ಎರಡು ಕಲ್ಲು ಇಟ್ಟು ನಡುವೆ ನಾರಿನ ಹಗ್ಗ ಕಟ್ಟಿದವನೂ ನಾನೇ. ಶುಕ್ರವಾರ ಬೆಳಿಗ್ಗೆ ಹಗ್ಗ ಬಿಚ್ಚಿದೆ. ಹಿಂದಿನ ಓಣಿಯಲ್ಲಿ ನಮ್ಮ ದಾಯಾದಿಗಳ ಖಾಲಿ ನಿವೇಶನವಿದೆ. ಆರು ಅಂಗಡಿಯವರು ಬೈಕುಗಳನ್ನು ಅಲ್ಲೇ ನಿಲ್ಲಿಸಲು ಒಪ್ಪಿದ್ದೇವೆ. ಚರಂಡಿಯ ಚಪ್ಪಡಿಯನ್ನು ನಮ್ಮ ಖರ್ಚಿನಲ್ಲೇ ಕೂರಿಸುತ್ತಿದ್ದೇವೆ. ಎದುರಿನ ಸಾಲಿಗೂ ನಮ್ಮ ಸಾಲಿಗೂ ನಡುವೆ ಹಸಿರು ನೆರಳುಬಟ್ಟೆ ಕಟ್ಟುವ ಮಾತು ನಡೆದಿದೆ, ಕೌಲ್‌ಬಜಾರ್‌ನವರು ಹೇಳಿದ ಬಿಸಿಲು ಸುಳ್ಳಲ್ಲ.

ಮಗ ಶೋರೂಮಿನವರಿಗೆ ದೀಪಾವಳಿಯವರೆಗೆ ಸಮಯ ಕೇಳಿದ್ದಾನೆ. ಕರಾರಿನ ಕರಡನ್ನು ವಕೀಲರಿಗೆ ತೋರಿಸಿದೆವು. ಬಾಡಿಗೆ ಪ್ರತಿ ವರ್ಷ ಏರುವ ಷರತ್ತಿದೆ, ಇಳಿಯುವ ಮಾತಿಲ್ಲ, ನಡುವೆ ಬಿಟ್ಟರೆ ಮುಂಗಡ ಹಿಂತಿರುಗುವುದಿಲ್ಲ.

ಇನ್ನೊಂದು ಸಹಾಯ ಬೇಕು. ಬೆಳಿಗ್ಗೆ ಹತ್ತರೊಳಗೆ ಸರಕಿನ ವಾಹನ, ಸಂಜೆ ಐದರಿಂದ ಒಂಬತ್ತರವರೆಗೆ ನಾಲ್ಕು ಚಕ್ರದ ವಾಹನಗಳಿಗೆ ತಡೆ, ಬೀದಿಯ ಬಾಯಲ್ಲಿ ಆಟೋ ನಿಲ್ಲಲು ಜಾಗ, ಹೆಣ್ಣುಮಕ್ಕಳಿಗೆ ಶೌಚಾಲಯ. ಇಷ್ಟನ್ನು ಬೇಡಿ ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡಬೇಕೆಂದಿದ್ದೇವೆ. ಸದ್ಯಕ್ಕೆ ಮೂರು ತಿಂಗಳ ಪ್ರಯೋಗವಾಗಿ ಮಾಡಿ ನೋಡಲಿ ಎಂಬುದು ನಮ್ಮ ಕೋರಿಕೆ. ಇಂಥ ಅರ್ಜಿಯನ್ನು ಹಿಂದೆ ಬರೆದವರು ಯಾರಾದರೂ ಇದ್ದರೆ ಅದರ ಒಂದು ಮಾದರಿಯನ್ನು ಇಲ್ಲಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.